ಸಹಿ ನೋಡಿ ಕೈ ಹಚ್ಚಿ

ಜೂನ್ 14

ಅಮ್ಮಾ,

ಕಾಗದ ತಡವಾಯಿತೆಂದು ಬೈಯುವ ಮುಂಚೆ ಇದನ್ನು ಪೂರ್ತಿ ಓದು. ತರಗತಿ ಸಿಕ್ಕಿತು! ಇಂಥ ಸುದ್ದಿಯನ್ನು ಫೋನಿನಲ್ಲಿ ಕೂಗಿ ಹೇಳಬೇಕು, ಆದರೆ ನಿನಗೆ ಕಾಗದವೇ ಆಗಬೇಕು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತು ಜೋಡಿಸಿಕೊಟ್ಟವಳು ಸ್ವಂತ ಮನೆಯಲ್ಲಿ ಫೋನ್ ಇಟ್ಟುಕೊಂಡಿಲ್ಲ ಎಂದರೆ ನನ್ನ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ನನ್ನ ಮಕ್ಕಳು! ನೋಡು, ಆಗಲೇ ಹಾಗೆ ಬರೆದುಬಿಟ್ಟೆ. ಎರಡು ವರ್ಷ ಮುಖ್ಯೋಪಾಧ್ಯಾಯಿನಿಯವರ ತಲೆ ತಿಂದದ್ದು ಕೊನೆಗೂ ಫಲ ಕೊಟ್ಟಿತು. ವಾರಕ್ಕೆರಡು ಮಧ್ಯಾಹ್ನ, ಹನ್ನೊಂದು ಮಕ್ಕಳು, ಎಲ್ಲರಿಗೂ ಹನ್ನೆರಡು ಹದಿಮೂರು ವಯಸ್ಸು. ಕಂಪ್ಯೂಟರಿಗೆ ಕನ್ನ ಹಾಕುವುದು ಹೇಗೆ, ಹಾಕದಂತೆ ಕಾಯುವುದು ಹೇಗೆ, ಎರಡನ್ನೂ ಜೊತೆಗೇ ಕಲಿಸುತ್ತೇನೆ. ಇದಕ್ಕೆ ಎಥಿಕಲ್ ಹ್ಯಾಕಿಂಗ್ ಎನ್ನುತ್ತಾರೆ. ಸದ್ಯಕ್ಕೆ ಒಂದು ವರ್ಷದ ಪ್ರಯೋಗ. ಏನಾದರೂ ಎಡವಟ್ಟಾದರೆ ಅವತ್ತೇ ಬಂದ್ ಎಂದು ಮೊದಲೇ ಹೇಳಿದ್ದಾರೆ.

ಮೊದಲ ದಿನ ಮೂರಂಕಿಯ ಬೀಗ ಹಾಕಿದ ಒಂದು ತಗಡಿನ ಪೆಟ್ಟಿಗೆ ಮೇಜಿನ ಮೇಲಿಟ್ಟೆ. "ಇವತ್ತಿನ ಪಾಠ ಇದರೊಳಗಿದೆ" ಎಂದಷ್ಟೇ ಹೇಳಿ ಕಿಟಕಿ ಹಾಕಲು ಹೋದೆ. ಹಿಂದೆಯೇ ಒಬ್ಬ ಹುಡುಗಿ ಬಂದಳು. ತಾನೂ ಒಂದು ಚಿಲಕ ಹಾಕುತ್ತಾ, ಏನೂ ಗೊತ್ತಿಲ್ಲದವಳ ಹಾಗೆ, "ಮಿಸ್, ನಿಮ್ಮನೆ ನಂಬರ್ ಎಷ್ಟು?" ಎಂದಳು. ನಾನು ಪೆದ್ದಿ, ಹೇಳಿಯೂಬಿಟ್ಟೆ! ತಿರುಗಿ ನೋಡುವಷ್ಟರಲ್ಲಿ ಉಳಿದವರು ಅದೇ ಅಂಕಿ ತಿರುಗಿಸಿ ಪೆಟ್ಟಿಗೆ ತೆಗೆದಿದ್ದರು. ಒಳಗೆ ನಾನಿಟ್ಟಿದ್ದ ಒಂದೇ ಒಂದು ಚೀಟಿ: "ತೆಗೆಯುವ ಮುಂಚೆ ನನ್ನನ್ನು ಕೇಳಿದಿರಾ?" ಹನ್ನೊಂದು ಮುಖಗಳೂ ಹೇಗೆ ಇಳಿದವು ಗೊತ್ತಾ?

ನಮ್ಮ ತರಗತಿಯ ನಿಯಮ ಅದೊಂದೇ. ಯಾವುದನ್ನು ಪರೀಕ್ಷಿಸುತ್ತೀವಿ, ಯಾವತ್ತಿನಿಂದ ಯಾವತ್ತಿನವರೆಗೆ, ಒಳನುಗ್ಗಲು ತೂತು ಸಿಕ್ಕರೆ ಯಾರಿಗೆ ಹೇಳುತ್ತೀವಿ ಎಂದು ಒಂದು ಚೀಟಿಯಲ್ಲಿ ಬರೆದು ಅದರ ಯಜಮಾನರ ಸಹಿ ಹಾಕಿಸಬೇಕು. ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ: ಸಹಿ ನೋಡಿ ಕೈ ಹಚ್ಚಿ. ನೋಡದೆ ಕೈ ಹಚ್ಚಿದರೆ ಹಚ್ಚಿದವರದೇ ಹೊಣೆ.

ಆ ಹುಡುಗಿಯ ಬಾಯಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಜೀರುಂಡೆ ಎಂದು ಹೆಸರಿಟ್ಟಿದ್ದೇವೆ. ಅವಳಿಗೂ ಅದು ಇಷ್ಟವಾಗಿದೆ.

ನಿನ್ನ,
ಮಗಳು


ಜೂನ್ 23

ಮಗಳೇ,

ನನ್ನ ಮಗಳು ಕಳ್ಳರ ಶಾಲೆ ತೆರೆದಿದ್ದಾಳೆ ಎಂದು ಪಕ್ಕದ ಮನೆಯ ದರ್ಜಿಗೆ ಹೇಳಿದೆ. ಅವರು ಅಳತೆ ಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಓಡಿ ಬಂದು ನಿನ್ನ ಕಾಗದ ಓದಿಸಿ ಕೇಳಿದರು.

"ಹಾಗಾದ್ರೆ ನಮ್ಮ ಗೇಟಿನ ನಂಬರ್ ಬೀಗಾನೂ ತೆಗೀಬಹುದಾ?" ಎಂದರು.

"ತೆಗೀಬಹುದು, ನೀವು ಬರೆದುಕೊಟ್ರೆ" ಎಂದೆ.

ಬರೆದುಕೊಟ್ಟರಮ್ಮ! ಗುಂಡಿಗಳ ಡಬ್ಬದ ರಟ್ಟು ಹರಿದು ಅದರ ಮೇಲೆ ಬರೆದು ಸಹಿ ಹಾಕಿದರು. ಗಂಡ ಬೀಗಕ್ಕೆ ಹೆಂಡತಿ ಹುಟ್ಟಿದ ವರ್ಷ ಇಟ್ಟಿರುತ್ತಾನೆ ಎಂದು ನನ್ನ ಲೆಕ್ಕಾಚಾರ. ಬೀಗ ಜಪ್ಪಯ್ಯ ಎನ್ನಲಿಲ್ಲ. ದರ್ಜಿ ಹುಟ್ಟಿದ ವರ್ಷ ಹಾಕಿದೆ, ಕಟಕ್ ಎಂದು ತೆಗೆಯಿತು. ಅವರ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದರು. ಎರಡು ದಿನದಿಂದ ಗಂಡನ ಜೊತೆ ಮಾತಿಲ್ಲವಂತೆ. ನಿನ್ನ ವಿದ್ಯೆ ನಮ್ಮ ಬೀದಿಯಲ್ಲಿ ಮಾಡಿದ ಮೊದಲ ಉಪಕಾರ ಇದು.

ಬಾಯಿಬಡುಕಿಯರನ್ನು ದೂರ ಇಡಬೇಡ. ಎಕ್ಸ್‌ಚೇಂಜಿನಲ್ಲಿ ನಾವೆಲ್ಲ ಅಂಥವರೇ ಇದ್ದೆವು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ


ಜುಲೈ 19

ಅಮ್ಮಾ,

ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿದೆ, ಅಕ್ಷರ ಸೊಟ್ಟಗಿದ್ದರೆ ಅನುಸರಿಸಿಕೋ.

ಹದಿನಾಲ್ಕು ಜನ ಶಿಕ್ಷಕರಿಗೆ ಮಕ್ಕಳು ಒಂದು ಸುಳ್ಳು ಸಂದೇಶ ಕಳಿಸಿದರು. ಸುಮ್ಮನೆ ಅಲ್ಲ, ಮುಖ್ಯೋಪಾಧ್ಯಾಯಿನಿಯವರ ಸಹಿ ಹಾಕಿಸಿಕೊಂಡು. ಏನು ಬರೆದರೆ ದೊಡ್ಡವರು ಯೋಚಿಸದೆ ಒತ್ತುತ್ತಾರೆ ಎಂದು ಎರಡು ದಿನ ಚರ್ಚೆ. ಬಹುಮಾನ ಬಂದಿದೆ ಎಂದರೆ ಯಾರೂ ನಂಬುವುದಿಲ್ಲ ಎಂದು ಒಬ್ಬ. ಬೆದರಿಸಿದರೆ ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಓಡುತ್ತಾರೆ ಎಂದು ಇನ್ನೊಬ್ಬಳು. ಕೊನೆಗೆ ಜೀರುಂಡೆ, "ಶನಿವಾರದ ಮೀಟಿಂಗ್ ರದ್ದಾಗಿದೆ, ವಿವರಕ್ಕೆ ಇಲ್ಲಿ ಒತ್ತಿ ಅಂತ ಬರೀರೋ" ಎಂದಳು.

ಒಂಬತ್ತು ಜನ ಒತ್ತಿದರು! ಒತ್ತಿದವರಿಗೆ "ನೀವು ಬಲೆಗೆ ಬಿದ್ದಿರಿ, ಮುಂದಿನ ಸಲ ಕಳಿಸಿದವರ ವಿಳಾಸ ನೋಡಿ" ಎಂಬ ಪುಟ ತೆರೆಯುತ್ತಿತ್ತು. ಡ್ರಿಲ್ ಮಾಸ್ತರು ಮೂರು ಸಲ ಒತ್ತಿದ್ದಾರೆ. ಯಾಕೆಂದು ಕೇಳಿದರೆ, "ಮೀಟಿಂಗ್ ನಿಜವಾಗ್ಲೂ ರದ್ದಾಯ್ತೋ ಇಲ್ವೋ ಅದರಲ್ಲಿ ಇರ್ಲೇ ಇಲ್ವಲ್ರೀ" ಎಂದು ಮುಖ ಗಂಟಿಕ್ಕಿದರು. ಮಾರನೆಯ ದಿನದಿಂದ ಸ್ಟಾಫ್ ರೂಮಿನಲ್ಲಿ ಎಲ್ಲರೂ ವಿಳಾಸ ನೋಡಿಯೇ ಸಂದೇಶ ತೆರೆಯುತ್ತಿದ್ದಾರೆ. ಒಂದು ವಾರದಲ್ಲಿ ನನ್ನ ಹನ್ನೊಂದು ಮರಿಗಳು ಇಷ್ಟು ಕೆಲಸ ಮಾಡಿದವು.

ಮುಖ್ಯೋಪಾಧ್ಯಾಯಿನಿಯವರು ಎಷ್ಟು ಖುಷಿಯಾದರೆಂದರೆ, ಹೊಸದೊಂದು ಕೆಲಸ ಕೊಡುವ ಮಾತಾಡಿದ್ದಾರೆ. ಶಾಲೆಯವರು ಈ ವರ್ಷ ಅಂಕಪಟ್ಟಿಗೆ ಒಂದು ವೆಬ್ ಪುಟ ಮಾಡಿಸಿದ್ದಾರೆ. ಪೋಷಕರಿಗೆ ತೋರಿಸುವ ಮುಂಚೆ ಅದನ್ನು ನಮ್ಮ ಮಕ್ಕಳು ಪರೀಕ್ಷಿಸಲಿ ಎಂದರು. ನಿಜವಾದ ಪುಟ, ಅಮ್ಮ! ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಗಳು


ಆಗಸ್ಟ್ 2

ಮಗಳೇ,

ಡ್ರಿಲ್ ಮಾಸ್ತರ ಕಥೆಯನ್ನು ಬೀದಿಯೆಲ್ಲ ಹಂಚಿದ್ದೇನೆ. ದರ್ಜಿಯ ಮನೆಯಲ್ಲಿ ರಾಜಿಯಾಗಿದೆ. ಹೊಸ ನಂಬರ್ ಏನೆಂದು ಮಾತ್ರ ನನಗೆ ಹೇಳುತ್ತಿಲ್ಲ.

ನಿನ್ನ ಮಕ್ಕಳಿಗೆ ಒಂದು ಪ್ರಶ್ನೆ ಕೇಳು. ಯಾರ ಒಪ್ಪಿಗೆಯೂ ಇಲ್ಲದೆ ಒಂದು ಮಾತು ಕಿವಿಗೆ ಬಿತ್ತು ಅಂತಿಟ್ಟುಕೋ. ಕೇಳಿದ್ದೇ ತಪ್ಪು. ಆದರೆ ಆ ಮಾತು ಗೊತ್ತಾಗದಿದ್ದರೆ ಬೇರೊಬ್ಬರಿಗೆ ಕೆಡುಕಾಗುತ್ತದೆ. ಆಗ ಏನು ಮಾಡಬೇಕು? ಸುಮ್ಮನೆ ಕೇಳಿದೆ ಅಷ್ಟೆ. ಮರೆತರೂ ಪರವಾಗಿಲ್ಲ.

ಅಮ್ಮ


ಆಗಸ್ಟ್ 30

ಅಮ್ಮಾ,

ನಿನ್ನ ಪ್ರಶ್ನೆಯನ್ನು ಅವತ್ತೇ ಕೇಳಿದ್ದೆ. ಉತ್ತರ ಕೊಟ್ಟವಳು ಜೀರುಂಡೆ. "ಹೇಳ್ಬೇಕು ಮಿಸ್. ಹೇಳಿ ಬೈಸ್ಕೋಬೇಕು" ಎಂದಳು. ಎಲ್ಲರೂ ನಕ್ಕರು. ಇವತ್ತು ನಗು ಬರುತ್ತಿಲ್ಲ.

ನಡೆದದ್ದನ್ನು ಒಂದೊಂದಾಗಿ ಬರೆಯುತ್ತೇನೆ. ಆ ವೆಬ್ ಪುಟಕ್ಕೆ ಚೀಟಿ ತಯಾರಿಸಿದ್ದೆ. ಸಹಿಗೆ ಎರಡು ಸಲ ಹೋದೆ, ಮುಖ್ಯೋಪಾಧ್ಯಾಯಿನಿಯವರು ಎರಡು ಸಲವೂ ಮೀಟಿಂಗಿನಲ್ಲಿದ್ದರು. ಬಾಯಿಮಾತಿನಲ್ಲಿ "ಮಾಡಿಸಿ, ಮಾಡಿಸಿ" ಎಂದಿದ್ದರಲ್ಲ, ಸಹಿ ಆಮೇಲಾದರೂ ಆದೀತು ಎಂದುಕೊಂಡೆ. ಬುಧವಾರ ಮಧ್ಯಾಹ್ನ ಮಕ್ಕಳು ತುದಿಗಾಲಲ್ಲಿ ನಿಂತಿದ್ದರು. ನಿಜ ಹೇಳಬೇಕೆಂದರೆ ಅವರಿಗಿಂತ ನನಗೇ ಆತುರ. ಜೀರುಂಡೆ ಮಾತ್ರ ಕೈ ಚಾಚಿ, "ಸಹಿ ತೋರ್ಸಿ ಮಿಸ್" ಎಂದಳು.

"ಆಗಿದೆಯಮ್ಮ, ನನ್ನ ಫೈಲಿನಲ್ಲಿದೆ, ಶುರು ಮಾಡು" ಎಂದೆ.

ಹತ್ತು ನಿಮಿಷದಲ್ಲಿ ಕಂಡುಹಿಡಿದಳು. ಪುಟದ ವಿಳಾಸದ ಕೊನೆಯಲ್ಲಿ ಮಗುವಿನ ಕ್ರಮಸಂಖ್ಯೆ ಇದೆ. ಅದನ್ನು ಒಂದು ಹೆಚ್ಚಿಸಿದರೆ ಪಕ್ಕದ ಮಗುವಿನ ಪುಟ ತೆರೆಯುತ್ತದೆ. ಅಂಕ ಮಾತ್ರವಲ್ಲ, ಮನೆ ಎಲ್ಲಿದೆ, ಯಾವ ಮಗುವಿಗೆ ಮೂರ್ಛೆ ರೋಗ, ಯಾವ ಮಗುವನ್ನು ಯಾರ ಜೊತೆ ಕಳಿಸಬಾರದು, ಎಲ್ಲ. ಯಾರು ಬೇಕಾದರೂ ನೋಡಬಹುದಿತ್ತು. ಎರಡನೆಯ ಪುಟ ತೆರೆದ ಕೂಡಲೇ ಅವಳು ಕೈ ಹಿಂದಕ್ಕೆಳೆದುಕೊಂಡು, ನಾನು ಕಲಿಸಿದ ಹಾಗೆಯೇ ಕಂಡದ್ದನ್ನು ಕಾಗದದಲ್ಲಿ ಬರೆದು ನನಗೆ ಕೊಟ್ಟಳು. ನಾನು ಕುಣಿದಾಡುತ್ತಾ ಅದನ್ನು ಕಚೇರಿಗೆ ಒಯ್ದೆ.

ಆ ಪುಟ ಮಾಡಿಸಿದವರು ಶಾಲೆಯ ವ್ಯವಸ್ಥಾಪಕರು. ತೂತಿನ ಬಗ್ಗೆ ಒಂದು ಮಾತೂ ಆಡದೆ, "ಅನುಮತಿ ಚೀಟಿ ಎಲ್ಲಿ?" ಎಂದರು. ತಂದುಕೊಟ್ಟೆ. ಸಹಿಯ ಜಾಗ ಖಾಲಿ. ಅವಳನ್ನು ಕರೆಸಿದರು. "ಸಹಿ ನೋಡಿದ್ಯಾ?" ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮುಂಚೆ, "ಇಲ್ಲ ಸರ್, ನೋಡ್ದೆ ಶುರು ಮಾಡ್ದೆ. ನನ್ನದೇ ತಪ್ಪು" ಎಂದಳು.

ಬಾಯಿ ತೆರೆಯುವ ಮುಂಚೆ ಎಂದು ಬರೆದೆನಲ್ಲ, ಅದು ಸುಳ್ಳು. ಆಮೇಲೂ ಬೇಕಾದಷ್ಟು ಹೊತ್ತಿತ್ತು. ನಾನು ತೆರೆಯಲಿಲ್ಲ.

ಮಕ್ಕಳ ಖಾಸಗಿ ವಿವರ ಕದ್ದಳೆಂದು ಅವಳ ಹೆಸರನ್ನು ಶಾಲೆಯಿಂದ ತೆಗೆಯುವ ಮಾತಾಡುತ್ತಿದ್ದಾರೆ. ಸೆಪ್ಟೆಂಬರ್ ಎಂಟಕ್ಕೆ ಸಭೆ. ನಿನ್ನೆ ಅವಳು ಬಂದು, "ಮಿಸ್, ನಾನು ಅವತ್ತು ನಿಮ್ಮನ್ನ ಸಹಿ ಕೇಳಿದ್ನಾ? ಕೇಳಿದ ಹಾಗೆ ನೆನಪು. ಆದರೆ ಕೇಳಿರಲಿಲ್ಲ ಅನ್ಸುತ್ತೆ, ಅಲ್ವಾ?" ಎಂದಳು. ಗಂಟೆ ಹೊಡೆಯಿತು, ತರಗತಿಗೆ ಹೋಗಮ್ಮ ಎಂದು ಕಳಿಸಿಬಿಟ್ಟೆ.

ನಾನು ಒಪ್ಪಿಕೊಂಡರೆ ನನ್ನ ಕೆಲಸ ಹೋಗುತ್ತದೆ, ಉಳಿದ ಹತ್ತು ಮಕ್ಕಳ ತರಗತಿಯೂ ಹೋಗುತ್ತದೆ. ಸುಮ್ಮನಿದ್ದರೆ ಅವಳಿಗೆ ಬರೀ ಎಚ್ಚರಿಕೆ ಕೊಟ್ಟು ಬಿಡಲೂಬಹುದು. ಅಲ್ಲವಾ? ಏನಾದರೂ ಬರೆ.

ಮಗಳು


ಸೆಪ್ಟೆಂಬರ್ 2

ಮಗಳೇ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಒಲೆ ಆರಿಸಿ ಬರೆಯಲು ಕೂತಿದ್ದೇನೆ. ಮಧ್ಯಾಹ್ನದ ಅಂಚೆಗೆ ಹಾಕಬೇಕು.

ನಾನು ಫೋನ್ ಇಟ್ಟುಕೊಳ್ಳದಿರುವುದು ಹಠಕ್ಕೆ ಎಂದು ನೀನು ತಿಳಿದಿದ್ದೀಯ. ನಾನೂ ನಿನಗೆ ಹಾಗೆಯೇ ಹೇಳುತ್ತಾ ಬಂದೆ. ಈಗ ನಿಜ ಹೇಳುತ್ತೇನೆ.

ನಿನಗೆ ಏಳು ವರ್ಷವಿದ್ದಾಗ ನಮ್ಮ ಎದುರು ಸಾಲಿನಲ್ಲಿ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವರ ಸಂಸಾರವಿತ್ತು. ಅವರ ಮಗಳೂ ನೀನೂ ಒಂದೇ ಚಪ್ಪಲಿ ಜೋಡಿಯನ್ನು ಒಂದೊಂದು ಕಾಲಿಗೆ ಹಾಕಿಕೊಂಡು ಕುಂಟುತ್ತಾ ಆಡುತ್ತಿದ್ದಿರಿ. ಒಂದು ದಿನ ಆ ಉಗ್ರಾಣಕ್ಕೆ ಬೆಂಕಿ ಬಿತ್ತು. ಎಣ್ಣೆ ಡ್ರಮ್ಮುಗಳಿದ್ದ ಕೋಣೆಗೆ ಬೀಗ ಹಾಕಿರಲಿಲ್ಲ, ಯಾರೋ ಒಳಗೆ ಹೋಗಿ ಬೀಡಿ ಎಸೆದಿದ್ದರು. ಮಾರನೆಯ ಬೆಳಿಗ್ಗೆ ಕಾರ್ಖಾನೆಯ ಮ್ಯಾನೇಜರಿಗೆ ನಾನೇ ಲೈನ್ ಜೋಡಿಸಿದೆ. ಜೋಡಿಸಿದ ಮೇಲೆ ಕಿವಿಯಿಂದ ತೆಗೆಯಬೇಕು, ಅದು ನಮ್ಮ ನಿಯಮ. ನಾವು ಯಾರೂ ತೆಗೆಯುತ್ತಿರಲಿಲ್ಲ. ಬೇಜಾರು ಕಳೆಯಲು ಕೇಳುತ್ತಿದ್ದೆವು.

ಮ್ಯಾನೇಜರು ಆ ಕಡೆಯ ಹೆಡ್ಡಾಫೀಸಿನವರಿಗೆ ಹೇಳಿದ ಮಾತು ಇದು: "ಉಗ್ರಾಣದವನು ಬೀಗ ಹಾಕಿಕೊಂಡು ಹೋಗಿದ್ದ. ಆಮೇಲೆ ನನ್ನ ಕೀಲಿಯಿಂದ ತೆಗೆದವನು ನಾನು, ಹಾಕೋದು ಮರೆತೆ. ಅವನೇ ಹಾಕಿರಲಿಲ್ಲ ಅಂತ ಬರ್ಕೊಂಡುಬಿಡಿ."

ಹಾಗೇ ಬರೆದುಕೊಂಡರು. ಉಗ್ರಾಣದವರನ್ನು ಕೆಲಸದಿಂದ ತೆಗೆದರು. ವಾರದೊಳಗೆ ಮನೆ ಖಾಲಿ ಮಾಡಿ ಹೋದರು. ಸಾಮಾನಿನ ಗಾಡಿಯ ಹಿಂದೆ ನೀನು ತಿರುವಿನವರೆಗೂ ಓಡಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೇಳಿದ್ದರೆ ಕದ್ದು ಕೇಳಿದ್ದಕ್ಕೆ ನನ್ನ ಕೆಲಸ ಹೋಗುತ್ತಿತ್ತು. ನಿನ್ನ ಅಪ್ಪ ಆಗಲೇ ಇರಲಿಲ್ಲ. ನನಗೂ ಕಾರಣಗಳಿದ್ದವು, ನಿನಗಿಂತ ಒಂದು ಕೈ ಹೆಚ್ಚೇ. ಬರೀ ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ.

ಕೆಲಸ ಉಳಿಯಿತು. ನಿನ್ನನ್ನು ಓದಿಸಿದೆ. ಆಮೇಲೆ ಪ್ರತಿ ಸಲ ಫೋನ್ ಬಾರಿಸಿದಾಗಲೂ ಆ ಮ್ಯಾನೇಜರ ದನಿಯೇ ಕೇಳುತ್ತಿತ್ತು. ನನಗೆ ನಾಚಿಕೆ, ಮಗಳೇ. ಮೂವತ್ತನಾಲ್ಕು ವರ್ಷದಿಂದ ನಾಚಿಕೆ.

ಎಂಟನೆಯ ತಾರೀಖಿಗೆ ಹೋಗಿ ಹೇಳು. ಕೆಲಸ ಹೋದರೆ ಇಲ್ಲಿಗೆ ಬಾ, ಇಬ್ಬರಿಗೂ ಜಾಗವಿದೆ.

ಅಮ್ಮ


ಸೆಪ್ಟೆಂಬರ್ 12

ಅಮ್ಮಾ,

ಹೇಳಿದೆ!

ಉದ್ದ ಮೇಜು, ಆರು ಜನ, ನೀರಿನ ಲೋಟಗಳು. ಜೀರುಂಡೆ ಗೋಡೆ ಪಕ್ಕದ ಕುರ್ಚಿಯಲ್ಲಿ, ಕಾಲು ನೆಲಕ್ಕೆ ಎಟುಕದೆ ಕೂತಿದ್ದಳು. ಪಕ್ಕದಲ್ಲಿ ಅವಳ ಅಪ್ಪ, ಬಸ್ ಓಡಿಸುವ ಸಮವಸ್ತ್ರದಲ್ಲೇ ಬಂದಿದ್ದರು. ವ್ಯವಸ್ಥಾಪಕರು ಓದಲು ಶುರು ಮಾಡುವ ಮುಂಚೆಯೇ ಎದ್ದು ನಿಂತೆ. ಬರೆದುಕೊಂಡು ಹೋಗಿದ್ದ ಕಾಗದ ಕೈಯಲ್ಲೇ ಮುದ್ದೆಯಾಗಿತ್ತು. "ಅವಳು ಸಹಿ ಕೇಳಿದಳು. ಆಗಿದೆ ಅಂತ ನಾನೇ ಸುಳ್ಳು ಹೇಳಿದೆ. ಆಮೇಲೆ ಸುಮ್ಮನೂ ಇದ್ದೆ" ಎಂದೆ. ಅಷ್ಟೇ ಬಂತು ಬಾಯಿಗೆ.

ಎಲ್ಲರಿಗಿಂತ ಮೊದಲು ಮಾತಾಡಿದವಳು ಜೀರುಂಡೆ. ಕುರ್ಚಿಯಿಂದ ಜಿಗಿದು, "ಅಪ್ಪಾ! ನಾನು ಕೇಳಿದ್ದೆ! ನಂಗೆ ನೆನಪಿತ್ತು, ನಾನು ಕೇಳಿದ್ದೆ!" ಎಂದು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು, ಆದರೆ ಕೃತಜ್ಞತೆ ಗಿತಜ್ಞತೆ ಏನೂ ಇಲ್ಲ, ಬರೀ ಸಿಟ್ಟು. "ಹನ್ನೆರಡು ದಿನ ಮಿಸ್!" ಎಂದಳು. ಅವಳ ಅಪ್ಪ ನನ್ನ ಕಡೆ ನೋಡಲೇ ಇಲ್ಲ.

ಮುಖ್ಯೋಪಾಧ್ಯಾಯಿನಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬಾಯಿಮಾತಲ್ಲಿ ಮಾಡಿಸಿ ಅಂದವಳು ನಾನು. ಅದನ್ನೂ ಬರ್ಕೊಳ್ಳಿ" ಎಂದರು. ವ್ಯವಸ್ಥಾಪಕರು ಅದನ್ನೂ ಬರೆದುಕೊಂಡರು. ಕೊನೆಗೆ ತೀರ್ಮಾನವಾದದ್ದು ಹೀಗೆ. ಅವಳ ಹೆಸರಿನ ಮೇಲೆ ಒಂದು ಚುಕ್ಕೆಯೂ ಇಲ್ಲ. ತೂತನ್ನು ಅವತ್ತೇ ಮುಚ್ಚಿಸಿದರು. ನನಗೆ ಲಿಖಿತ ಎಚ್ಚರಿಕೆ. ವರ್ಷ ಮುಗಿಯುವವರೆಗೆ ಆ ತರಗತಿಯನ್ನು ನಾನು ತೆಗೆದುಕೊಳ್ಳುವಂತಿಲ್ಲ. ಗಣಿತದ ಮಾಸ್ತರು ಕೂರುತ್ತಾರೆ. ಅವರಿಗೆ ಇದರ ಗಂಧಗಾಳಿಯಿಲ್ಲ, ಮಕ್ಕಳೇ ಅವರಿಗೆ ಕಲಿಸುತ್ತಿದ್ದಾರಂತೆ. ಗೋಡೆಯಾಚೆಯಿಂದ ಆ ಗಲಾಟೆ ಕೇಳಿಸುವಾಗ ನನಗೆ ಹೊಟ್ಟೆಯುರಿ ತಡೆಯಲಾಗುವುದಿಲ್ಲ.

ಜೀರುಂಡೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇವತ್ತು ಮೊದಲ ಸಲ ನನ್ನ ಮೇಜಿನ ಹತ್ತಿರ ಬಂದಳು. ಪಾಸ್‌ವರ್ಡನ್ನು ಯಾರಿಗೂ ಓದಲಾಗದಂತೆ ಕಲಸಿಡುವ ಲೆಕ್ಕದಲ್ಲಿ ಒಂದು ಅನುಮಾನ ಇತ್ತು, ಗಣಿತದ ಮಾಸ್ತರಿಗೂ ಬಿಡಿಸಲಾಗಲಿಲ್ಲ. ಹೇಳಿಕೊಟ್ಟೆ. ಪ್ರತಿ ಹೆಜ್ಜೆಗೂ "ಖಂಡಿತಾನಾ?" ಎಂದು ಕೇಳಿದಳು. ಕೇಳುವ ಹಕ್ಕು ಅವಳಿಗಿದೆ.

ಅಮ್ಮ, ಅವಳು ಕುರ್ಚಿಯಿಂದ ಜಿಗಿದದ್ದನ್ನು ನೀನು ನೋಡಬೇಕಿತ್ತು. ಹನ್ನೆರಡು ದಿನ ಅವಳು ತನ್ನ ನೆನಪನ್ನೇ ನಂಬದೆ ಕಳೆದಿದ್ದಾಳೆ. ನನಗೆ ಅದು ಹೊಳೆದೇ ಇರಲಿಲ್ಲ.

ನಿನ್ನ ಮಗಳು


ಸೆಪ್ಟೆಂಬರ್ 29

ಮಗಳೇ,

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆಮೇಲೆ ಸುಮ್ಮನೆ ಕೂರಲಾಗಲಿಲ್ಲ. ಎಕ್ಸ್‌ಚೇಂಜಿನ ಹಳೆಯ ಗೆಳತಿಯರಿಗೆಲ್ಲ ಬರೆದೆ. ಊರವರ ಗುಟ್ಟು ನಮ್ಮಷ್ಟು ಯಾರಿಗೆ ಗೊತ್ತು! ಹತ್ತು ದಿನದಲ್ಲಿ ಆ ಉಗ್ರಾಣದವರ ವಿಳಾಸ ಸಿಕ್ಕಿತು. ಎರಡು ಬಸ್ ಬದಲಾಯಿಸಿ ಇವತ್ತು ಬೆಳಿಗ್ಗೆ ಹೋದೆ.

ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ. ಮೆಟ್ಟಿಲು ಹತ್ತುವಾಗ ಮೂರು ಸಲ ವಾಪಸು ಹೋಗೋಣ ಎನಿಸಿತು. ಅವರೇ ಬಾಗಿಲು ತೆಗೆದರು. ಎಂಬತ್ತು ದಾಟಿದೆ, ಬೆನ್ನು ಬಾಗಿದೆ, ಕಿವಿ ಚೆನ್ನಾಗಿದೆ. ನನ್ನ ಗುರುತು ಸಿಗಲಿಲ್ಲ. ಎದುರು ಸಾಲಿನವಳು, ಎಕ್ಸ್‌ಚೇಂಜಿನವಳು ಎಂದೆ. ಕೂರಿ ಎಂದರು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿಂತಲ್ಲೇ ಎಲ್ಲ ಹೇಳಿದೆ. ಯಾರು ಯಾರಿಗೆ ಫೋನ್ ಮಾಡಿದ್ದು, ಎಷ್ಟು ಗಂಟೆಗೆ, ಮ್ಯಾನೇಜರು ಆಡಿದ ಮಾತು ಒಂದೂ ಬಿಡದೆ. ಕೆಲಸ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡೆ ಎಂದೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಮೊಣಕಾಲಿನ ಮೇಲೆ ಕೈ ಊರಿಕೊಂಡು ಮೆಲ್ಲಗೆ ಕೇಳಿದರು: "ನಾನು ಬೀಗ ಹಾಕಿದ್ದೆ ಅಂತ ಅವರೇ ಅಂದ್ರಾ?"

"ಅವರೇ ಅಂದ್ರು. ಉಗ್ರಾಣದವನು ಬೀಗ ಹಾಕಿಕೊಂಡು ಹೋಗಿದ್ದ ಅಂದ್ರು."

"ಇನ್ನೊಂದು ಸಲ ಹೇಳಿ."

ಹೇಳಿದೆ. ಅವರು ಎದ್ದೇಬಿಟ್ಟರು! ಗೋಡೆ ಹಿಡಿದುಕೊಂಡು ಒಳಗಿನ ಕೋಣೆಯ ಕಡೆ ಓಡುವ ಹಾಗೆ ಹೋದರು. "ಏ, ಬಾ ಇಲ್ಲಿ! ಕೇಳಿದ್ಯಾ? ನಾನು ಬೀಗ ಹಾಕಿದ್ನಂತೆ! ಹಾಕಿದ್ನಂತೆ ಕಣೆ!"

ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. "ನಾನು ಅವತ್ತಿಂದ ಅದನ್ನೇ ಹೇಳ್ತಿಲ್ವಾ ನಿಮಗೆ?" ಎಂದರು.

"ನೀನು ಹೇಳೋದು ಬೇರೆ. ಇವರು ಕೇಳಿದ್ದಾರೆ" ಎಂದರು ಅವರು.

ಆಮೇಲೆ ಅವರ ಅಳು ನಿಲ್ಲಲಿಲ್ಲ, ನಗುವೂ ನಿಲ್ಲಲಿಲ್ಲ. ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ನನ್ನ ಕಡೆ ಅವರಿಗೆ ಗಮನವೇ ಇರಲಿಲ್ಲ. ಆಕೆ ಮಾತ್ರ ಒಮ್ಮೆ ನನ್ನನ್ನು ನೆಟ್ಟಗೆ ನೋಡಿ, "ಪ್ರತಿದಿನ ಮನೆ ಬೀಗ ಎರಡು ಸಲ ನೋಡ್ತಾರೆ. ಆಮೇಲೆ ನನ್ನನ್ನ ಕಳಿಸಿ ಇನ್ನೊಂದು ಸಲ ನೋಡಿಸ್ತಾರೆ" ಎಂದರು.

ಹೊರಟು ನಿಂತಾಗ ಅವರು ಮೆಟ್ಟಿಲವರೆಗೂ ಬಂದು ನನ್ನ ಕೈ ಹಿಡಿದುಕೊಂಡರು. ಭಾನುವಾರ ಮಗಳು ಬರುತ್ತಾಳಂತೆ, ನಿನ್ನ ಜೊತೆ ಆಡುತ್ತಿದ್ದವಳು. ನಾನು ಮತ್ತೆ ಬಂದು ಅವಳ ಎದುರು ಎಲ್ಲವನ್ನೂ ಮೊದಲಿನಿಂದ ಹೇಳಬೇಕಂತೆ, ಅಪ್ಪ ಬೀಗ ಹಾಕಿದ್ದರು ಎಂಬುದನ್ನು ಅವಳೂ ಕಿವಿಯಾರೆ ಕೇಳಬೇಕಂತೆ.

ಹೋಗುತ್ತೇನೆ. ರಜೆ ಸಿಕ್ಕರೆ ನೀನೂ ಬಾ.

ಅಮ್ಮ